ಸೊಲ್ಲು ಕೊಡುವವಳು

"ಏಳನೇ ಬ್ಲಾಕು ದಾಟೋವರ್ಗೂ ಇದು ಹಲ್ಲಲ್ಲಿರ್ಲಿ, ಬಾಯಿ ಬಿಡ್ಬೇಡಿ," ಎಂದು ತೋಟದ ಕೆಲಸದ ಮುದುಕಿ ಗಿಡ್ಡಮ್ಮ ಕಾಫಿ ಎಲೆಯೊಂದನ್ನು ಕಿತ್ತು ಚಾಚಿದಳು. ಹಿಂದೆ ಬರುತ್ತಿದ್ದ ಹೆಂಗಸರೆಲ್ಲ ಆಗಲೇ ಒಂದೊಂದು ಎಲೆ ಕಚ್ಚಿಕೊಂಡಿದ್ದರು.

"ಆಡಾ ನಾನು, ಎಲೆ ಮೇಯೋಕೆ?" ಗಾನಶ್ರೀ ನಕ್ಕಳು.

ಹದಿನೇಳರ ಹುಡುಗಿ. ಅವಳ ಮೊದಲ ಆಲ್ಬಂ ಭಾನುವಾರ ಮೂಡಿಗೆರೆಯಲ್ಲಿ ಬಿಡುಗಡೆಯಾಗಬೇಕಿತ್ತು. ಕೊನೆಯ ಹಾಡನ್ನು ಹೂಬಿಟ್ಟ ಕಾಫಿಗಿಡಗಳ ನಡುವೆಯೇ ಹಾಡುತ್ತೇನೆಂದು ಹಟ ಹಿಡಿದು, ಚಿಕ್ಕಮಗಳೂರಿನಿಂದ ಅಣ್ಣ ಸುದೀಪನನ್ನು ಗೋಣಿಬೀಡಿನ ಈ ಎಸ್ಟೇಟಿಗೆ ಎಳೆದು ತಂದಿದ್ದಳು.

ಗಿಡ್ಡಮ್ಮ ನಗಲಿಲ್ಲ. "ಹಣ್ಣು ಕುಯ್ಯೋವಾಗ ನಮ್ಮಕ್ಕ ದೇವೀರಿ ಮೊದ್ಲು ಹಾಡೋಳು. ನಾವು ಹಿಂದಿಂದ ಸೊಲ್ಲು ಕೊಡ್ತಿದ್ವಿ, ಅವಳು ಬಿಟ್ಟ ತುದಿ ಹಿಡ್ಕಂಡು. ಹೊಟ್ಟೆ ಉರಿಗೆ ಯಾರೋ ಬೀಗ ಮಂತ್ರಿಸಿ ಆ ಅತ್ತಿಮರದ ಬುಡದಲ್ಲಿ ಹೂತ್ರು. ಹಾಡ್ತಾ ಹಾಡ್ತಾನೇ ಬಾಯಿ ಕಟ್ತು. ಅವಳು ಹೋದ್ಲು. ದನಿ ಇಲ್ಲೇ ಉಳೀತು."

"ಉಳಿದು ಏನ್ಮಾಡುತ್ತೆ?"

"ಹಾಡಿದೋರಿಗೆ ಸೊಲ್ಲು ಕೊಡ್ತದೆ. ಎರಡು ಸಲ. ಮೂರನೇ ಸಲ ಅದೇ ಮೊದ್ಲು ಹಾಡ್ತದೆ. ಆಮೇಲೆ ಸೊಲ್ಲು ಕೊಡೋದು ನಿಮ್ಮ ಪಾಳಿ."

"ಕೋರಸ್‌ಗೆ ಜನ ಸಿಕ್ಕಿದ್ರು ಬಿಡು ಮಾರಾಯ," ಎಂದು ಗಾನಶ್ರೀ ಅಣ್ಣನಿಗೆ ಕಣ್ಣು ಹೊಡೆದು ಎಲೆಯನ್ನು ಎಸೆದಳು.

ಬ್ಲಾಕಿನೊಳಗೆ ಹೂವಿನ ವಾಸನೆ ಎದೆಗೆ ಅಡರುವಷ್ಟು ದಟ್ಟವಾಗಿತ್ತು. ಎಲ್ಲೆಲ್ಲೂ ಜೇನಿನ ಮೊರೆತ. ಅತ್ತಿಮರದ ಹತ್ತಿರ ಅದೂ ನಿಂತಿತು. ಸುದೀಪ ರೆಕಾರ್ಡರು ಚಾಲೂ ಮಾಡಿದ. ಹಾಡು ಹೊಳೆದಾಗಿನಿಂದ ಬಾಯಲ್ಲೇ ಕುಣಿಯುತ್ತಿದ್ದ ಸಾಲನ್ನು ಗಾನಶ್ರೀ ಎತ್ತಿದಳು:

"ಬಿಳಿಯ ಹೂವೇ, ಎದ್ದು ಬಾರೆ..."

"ಎದ್ದು ಬಾರೆ..." ಎಂದಿತು ಮರದ ಕಡೆಯ ನೆರಳು.

ಪ್ರತಿಧ್ವನಿ ಇರಬೇಕು. ಮತ್ತೆ ಹಾಡಿದಳು. ಮತ್ತೆ ಬಂತು. ಈ ಸಲ, ಬರುವ ಮುನ್ನ ಯಾರೋ ಉಸಿರೆಳೆದುಕೊಂಡದ್ದು ಅವಳಿಗೆ ಕೇಳಿತು. ಬಲವಂತಕ್ಕೆ ನಕ್ಕು, "ಎರಡಕ್ಕೇ ನಿಲ್ಲಿಸ್ದೆ ನೋಡಿ ಅಜ್ಜಿ," ಎಂದಳು.

ಎಲೆ ಕಚ್ಚಿದ್ದ ಗಿಡ್ಡಮ್ಮ ರೆಕಾರ್ಡರಿನ ಕಡೆ ಬೆರಳು ತೋರಿಸುತ್ತಲೇ ಇದ್ದಳು. ಬ್ಲಾಕು ದಾಟಿದ ಮೇಲೆ ಎಲೆ ಉಗಿದು ಹೇಳಿದಳು: "ಅದ್ರೊಳಗೆ ಕೂತಿರೋದನ್ನ ಅಳಿಸಿ. ಕೈಮುಗೀತೀನಿ. ಇಲ್ಲಿಂದ ಹೊರಗೆ ಒಯ್ಯಬೇಡಿ."

"ಇಂಥ ದನಿ ಸ್ಟುಡಿಯೋದಲ್ಲಿ ಸಿಗುತ್ತಾ ಅಜ್ಜಿ?" ಎಂದ ಸುದೀಪ.

ಭಾನುವಾರ ಹನ್ನೊಂದು ಗಂಟೆಗೆ ಮೂಡಿಗೆರೆಯ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಅಮ್ಮ ಮಾಲವಿಕಾ. ಸುದೀಪ ತೋಟದ ದನಿ ಬೆರೆಸಿದ್ದ ಹಾಡಿನ ಮ್ಯೂಸಿಕ್ ಶುರುವಾಯಿತು. ಬಾಗಿಲುಗಳೆಲ್ಲ ಮುಚ್ಚಿದ್ದವು, ಆದರೂ ಎಲ್ಲಿಂದಲೋ ಕಾಫಿ ಹೂವಿನ ವಾಸನೆ. ಅದರ ಅಡಿಯಲ್ಲಿ ತುಕ್ಕಿನ ವಾಸನೆ. ಗಾನಶ್ರೀ ಮೈಕು ಎತ್ತಿದಳು. ಬಾಯಿ ತೆರೆದಳು.

ಸ್ಪೀಕರಿನಲ್ಲಿ ಯಾರೋ ಉಸಿರೆಳೆದುಕೊಂಡರು.

"ಬಿಳಿಯ ಹೂವೇ, ಎದ್ದು ಬಾರೆ..."

ಅವಳ ದನಿಯಲ್ಲ. ಅವಳು ಹಾಡಿರಲಿಲ್ಲ. ಗಂಟಲೊಳಗೆ ಟಕ್ಕೆಂದಿತು. ಬೀಗ ಬಿದ್ದ ಹಾಗೆ. ನಾಲಗೆ ತಾನಾಗಿ ಹೊರಳಿತು.

"ಎದ್ದು ಬಾರೆ..."

ಚಪ್ಪಾಳೆ. ಅವಳು ನಿಲ್ಲಿಸಲು ನೋಡಿದಳು. ಆಗಲಿಲ್ಲ. ಕೂಗಲು ನೋಡಿದಳು. ದನಿ ಹೊರಡಲಿಲ್ಲ. ಹಾಡು ಮುಗಿಯಿತು. ಅಮ್ಮ ವೇದಿಕೆಗೆ ಓಡಿ ಬಂದಳು.

"ಯಾಕೆ ಅಳ್ತಿದೀಯ ಮಗಳೇ?"

"ಅಳ್ತಿದೀಯ ಮಗಳೇ."

"ಏನಾಯ್ತು ಹೇಳೇ!"

"ಹೇಳೇ."

ಡಾಕ್ಟರಿಗೆ ಏನೂ ಸಿಗಲಿಲ್ಲ. ವೇದಿಕೆಯ ಆ ಹಾಡು ಮಾತ್ರ ಊರೂರ ಫೋನುಗಳಲ್ಲಿ ಮೊಳಗಿತು. ಮಾಲವಿಕಾಳ ಮನೆಯಲ್ಲಿ ಈಗ ಯಾರೂ ಬಾಯಿ ಬಿಡುವುದಿಲ್ಲ. ಒಬ್ಬರು ಮಾತಾಡಿದರೆ ಆ ಮಾತಿನ ತುದಿ ಹಿಡಿದು ಮಗಳು ಅಳುತ್ತಾಳೆ. ಬೇಕಾದ್ದನ್ನು ಚೀಟಿಯಲ್ಲಿ ಬರೆದು ತೋರಿಸುತ್ತಾರೆ.

ಒಂದು ಬೆಳಿಗ್ಗೆ ಏಳನೇ ಬ್ಲಾಕಿನ ಅಂಚಿನಲ್ಲಿ ಯಾರದೋ ಫೋನಿನಲ್ಲಿ ಆ ಹಾಡು ಬಂತು. ಗಿಡ್ಡಮ್ಮನ ಕಾಲು ಅಲ್ಲೇ ನಿಂತಿತು. ಮುಂದೆ ಹಾಡುತ್ತಿದ್ದವಳು ದೇವೀರಿ. ಹಿಂದಿನಿಂದ, ಆ ಹುಡುಗಿ. ಗಿಡ್ಡಮ್ಮ ಒಬ್ಬಳೇ ಅತ್ತಿಮರದ ಬುಡಕ್ಕೆ ಹೋದಳು. ಹಲ್ಲಿನ ಎಲೆ ತೆಗೆದಳು.

"ಅಕ್ಕಾ, ಇದೀಯೇನೇ?"

ಮರದ ಹತ್ತಿರವೂ ಈಗ ಜೇನು ಮೊರೆಯುತ್ತಿತ್ತು. ಆಗ ಅವಳು, ನಲವತ್ತು ವರ್ಷದಲ್ಲಿ ಮೊದಲ ಸಲ, ಅಕ್ಕನ ಹಳೆಯ ಪದವೊಂದನ್ನು ಅಲ್ಲಿ ಎತ್ತಿದಳು. "ಕುಕ್ಕೆ ತುಂಬಿತು, ಮನೆಗೆ ಹೋಗುವ..."

ಸೊಲ್ಲು ಬರಲಿಲ್ಲ.

ಚಿಕ್ಕಮಗಳೂರಿನ ಮನೆಯಲ್ಲಿ ತಾಯಿ ಮಗಳ ತಲೆ ಬಾಚುತ್ತಿದ್ದಳು. ಯಾರೂ ಏನೂ ಮಾತಾಡಿರಲಿಲ್ಲ. ಗಾನಶ್ರೀ ಥಟ್ಟನೆ ತಲೆಯೆತ್ತಿದಳು. ಕಣ್ಣುಗಳು ಹೆದರಿ ಅಗಲವಾದವು. ಬಾಯಿ ತೆರೆಯಿತು.

"ಮನೆಗೆ ಹೋಗುವ..."