ಮೆನು ಓದುತ್ತಿದ್ದ ಹುಡುಗಿ

ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. 2023ರ ಮಾರ್ಚ್‌ನ ಒಂದು ಶನಿವಾರ, ಸ್ಯಾನ್ ಡಿಯಾಗೋದ ಎನ್ಕ್ಯಾಂಟೋ ಬಡಾವಣೆಯ ಮನೆಯೊಂದರಲ್ಲಿ, ಯಾರೂ ಕೆಮ್ಮಲೂ ಬಾರದ ಹೊತ್ತಿನಲ್ಲಿ, ವೈಶಾಲಿಯ ಫೋನು ರಿಂಗಾಯಿತು.

ಸಾಕ್ಷ್ಯಚಿತ್ರವೊಂದರ ಸಂದರ್ಶನ ಆಗಷ್ಟೇ ಮುಗಿದಿತ್ತು. ಹಾಗೆ ಮುಗಿದ ಮೇಲೆ ಆ ಕೋಣೆಯ ನಿಶ್ಶಬ್ದವನ್ನು ಸ್ವಲ್ಪ ಹೊತ್ತು ರೆಕಾರ್ಡ್ ಮಾಡಿಕೊಳ್ಳುವುದು ವಾಡಿಕೆ. ಮಾತು ಕತ್ತರಿಸಿ ಜೋಡಿಸುವಾಗ ನಡುವಿನ ಬಿರುಕು ಮುಚ್ಚಲು ಅದು ಬೇಕಾಗುತ್ತದೆ. ಎಲ್ಲರೂ ನಿಂತಲ್ಲೇ ನಿಂತಿದ್ದರು. ಫೋನು ಮಾತ್ರ ನಿಲ್ಲಲಿಲ್ಲ.

ಹೆಡ್‌ಫೋನ್ ಹಾಕಿಕೊಂಡಿದ್ದ ಸೌಂಡ್ ರೆಕಾರ್ಡಿಸ್ಟ್ ಕಣ್ಣು ಮುಚ್ಚಿದ.

"ಥೂ, ಇದೊಂದು ಬಾಕಿ ಇತ್ತು!"

ಕನ್ನಡ!

ವೈಶಾಲಿಗೆ ನಾಚಿಕೆಯ ಜೊತೆಗೆ ಸಿಟ್ಟೂ ಬಂತು. "ಬೈಯೋದಿದ್ರ ಎದುರಿಗೇ ಬೈರಿ. ನನಗ ತಿಳೀತೈತಿ."

ಅವನು ಹೆಡ್‌ಫೋನ್ ಕೆಳಗಿಳಿಸಿ ಅವಳನ್ನು ನೋಡಿದ. "ಓಹೋ... ಧಾರವಾಡಾನಾ?"

"ಹುಬ್ಬಳ್ಳಿ."

"ಹುಬ್ಬಳ್ಳೀಲಿ ಫೋನ್ ಸೈಲೆಂಟ್‌ಗೆ ಹಾಕೋದು ಹೇಳ್ಕೊಡಲ್ವಾ?"

"ನಿಮ್ಮೂರಾಗ ಮಂದಿ ಜೋಡಿ ಮಾತಾಡೋದು ಹೇಳ್ಕೊಡಂಗಿಲ್ಲೇನ್ರಿ?"

"ನಂಜನಗೂಡು ರೀ. ಅಲ್ಲಿ ಅದು ಸಿಲಬಸ್‌ನಲ್ಲಿಲ್ಲ."

ಸಂದರ್ಶನ ಕೊಟ್ಟು ಸೋಫಾದ ಮೇಲೇ ಕೂತಿದ್ದ ಮಿಸೆಸ್ ಗ್ಯಾಡ್ಸನ್‌ಗೆ ಒಂದಕ್ಷರ ತಿಳಿಯದಿದ್ದರೂ ನಗು ತಡೆಯಲಾಗಲಿಲ್ಲ. "ಬಾಯಿ ಮುಚ್ಚು ಅಂದವರನ್ನ ಬಹಳ ಜನ ನೋಡಿದೀನಿ. ಬಾಯಿ ಮುಚ್ಚೋ ವಿಷಯಕ್ಕೆ ಜಗಳ ಆಡೋರನ್ನ ಇವತ್ತೇ ನೋಡಿದ್ದು!" ಎಂದರು ಇಂಗ್ಲಿಷಿನಲ್ಲಿ.

ಅವರಿಗೆ ಎಂಬತ್ತೊಂದು ವರ್ಷ. ಸ್ಯಾನ್ ಡಿಯಾಗೋದ ಶಾಲೆಗಳಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. 1960ರಲ್ಲಿ, ಟೆನೆಸ್ಸೀ ರಾಜ್ಯದ ಸಣ್ಣ ಊರೊಂದರಲ್ಲಿ, ಬಿಳಿಯರಿಗೆ ಮಾತ್ರ ಎಂದು ಬೋರ್ಡು ಹಾಕಿದ್ದ ಊಟದ ಕೌಂಟರಿನಲ್ಲಿ ಹೋಗಿ ಕೂತ ಕಪ್ಪು ವಿದ್ಯಾರ್ಥಿಗಳಲ್ಲಿ ಅವರೂ ಒಬ್ಬರು. ಅವರ ಮನೆಯ ಗೋಡೆಯುದ್ದಕ್ಕೂ ಆ ಹೋರಾಟದ ಪುಸ್ತಕಗಳೇ. ಮುಂದೆ ನಿಂತವರ ಹೆಸರು ಎಲ್ಲದರಲ್ಲೂ ಇತ್ತು. ಸುಮ್ಮನೆ ಹೋಗಿ ಕೂತವರ ಹೆಸರು ಒಂದರಲ್ಲೂ ಇರಲಿಲ್ಲ. ಅದಕ್ಕೇ ಮೊಮ್ಮಗಳು ರೆನೀ ಈ ಚಿತ್ರ ಮಾಡುತ್ತಿದ್ದಳು.

ವೈಶಾಲಿ ಚಿತ್ರದ ಎಡಿಟರ್. ಲಾಸ್ ಏಂಜಲೀಸ್‌ನ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ ಕಚೇರಿಯೊಳಗೆ ಕೂತು ಮಾಡುವ ಕೆಲಸ. ಶೂಟಿಂಗ್ ನೋಡುವ ಆಸೆಗೆ ಬಂದಿದ್ದಳು. ಸೌಂಡ್‌ನವನ ಹೆಸರು ಇಂದುಧರ.

ಅಂದು ಮಿಸೆಸ್ ಗ್ಯಾಡ್ಸನ್ ಹೇಳಿದ್ದು ವೈಶಾಲಿಯ ತಲೆಯಿಂದ ಹೋಗಲೇ ಇಲ್ಲ.

ಹಾಗೆ ಹೋಗಿ ಕೂರತೊಡಗಿದ ಮೂರನೆಯ ವಾರ ಕೌಂಟರಿನಲ್ಲಿ ಅವರಿಗೆ ಕೊನೆಗೂ ಕಾಫಿ ಕೊಟ್ಟರಂತೆ. ಕುಡಿದು ಇಟ್ಟ ಕೂಡಲೇ ಮ್ಯಾನೇಜರ್ ಆ ಕಪ್‌ಗಳನ್ನು ಅವರೆದುರೇ ಒಡೆದು ಕಸಕ್ಕೆ ಹಾಕಿದನಂತೆ.

"ಒಡೆದವನ ಮುಖ ಮರೆತಿದೆ. ಪಕ್ಕದ ಸ್ಟೂಲಿನ ಹುಡುಗಿಯ ಮುಖ ಮರೆತಿಲ್ಲ. ನನ್ನ ವಯಸ್ಸಿನ ಬಿಳಿ ಹುಡುಗಿ. ನಮ್ಮಮ್ಮ ಅವರ ಮನೆಯ ಅಡುಗೆಯವಳು. ನನ್ನ ಹೆಸರು ಅವಳಿಗೆ ಗೊತ್ತಿತ್ತು. ಕಪ್ ಒಡೆದಾಗ ಅವಳು ಮೆನು ಎತ್ತಿಕೊಂಡು ಓದೋಕೆ ಶುರು ಮಾಡಿದಳು. ಆ ಅಂಗಡೀಲಿ ಸಿಗ್ತಿದ್ದದ್ದೇ ನಾಲ್ಕು ತಿಂಡಿ. ಅಷ್ಟು ಹೊತ್ತು ಓದೋದಕ್ಕೆ ಅದರಲ್ಲಿ ಏನಿತ್ತು?"

ಚಿತ್ರವನ್ನು ಮೊದಲ ಸಲ ಜೋಡಿಸಿದಾಗಲೇ ವೈಶಾಲಿ ಆ ಮಾತನ್ನು ಅದರ ನಟ್ಟನಡುವೆ ಇಟ್ಟಳು.

*

ಏಪ್ರಿಲ್‌ನಲ್ಲಿ ಇಂದುಧರ ಧ್ವನಿಯ ಫೈಲುಗಳನ್ನು ಹಾರ್ಡ್ ಡ್ರೈವ್‌ನಲ್ಲಿ ಹಾಕಿಕೊಂಡು ಖುದ್ದು ವುಡ್‌ಲ್ಯಾಂಡ್ ಹಿಲ್ಸ್‌ಗೆ ಬಂದ.

"ಅಪ್‌ಲೋಡ್ ಮಾಡಬಹುದಿತ್ತಲ್ರಿ?"

"ನಮ್ಮನೆ ಇಂಟರ್ನೆಟ್ ಸ್ಲೋ."

"ಸ್ಯಾನ್ ಪೀಡ್ರೊದಿಂದ ಇಲ್ಲಿತನಕ ಆ ಟ್ರಾಫಿಕ್ಕಿಗಿಂತ ಸ್ಲೋ ಏನ್ರಿ?"

"ಅದಕ್ಕಿಂತ ಸ್ಲೋ," ಎಂದ ಅವನು, ಮುಖ ಗಂಭೀರ ಮಾಡಿಕೊಂಡು.

ಮುಂದಿನ ವಾರವೂ ಇಂಟರ್ನೆಟ್ ಸ್ಲೋ ಇತ್ತು. ಅದರ ಮುಂದಿನ ವಾರವೂ!

ಜೂನ್‌ನಲ್ಲಿ ಅವಳೇ ಕೇಳಿದಳು, "ಕಾರ್ಲ್ಸ್‌ಬಾಡ್‌ನಾಗ ನಮ್ಮ ಕಾಕಾ ಇರ್ತಾರ. ಊಟಕ್ಕ ಬರ್ತೀರೇನು? ಕಾಕು ಖಡಕ್ ರೊಟ್ಟಿ ಮಾಡ್ತಾರ."

"ಏನಂತ ಪರಿಚಯ ಮಾಡಿಸ್ತೀರ?"

"ಇಂಟರ್ನೆಟ್ ಸ್ಲೋ ಇರೋ ಮನಷ್ಯಾ ಅಂತ."

*

ಕಾಕಾ ಶಿವರುದ್ರಪ್ಪ ಬಯೋಟೆಕ್ ಕಂಪನಿಯಲ್ಲಿ ಎಂಜಿನಿಯರ್. 2020ರ ಬೇಸಿಗೆಯಲ್ಲಿ ಪೊಲೀಸರು ಕಪ್ಪು ಮನುಷ್ಯನೊಬ್ಬನನ್ನು ಕೊಂದದ್ದಕ್ಕೆ ಊರೂರಲ್ಲಿ ಮೆರವಣಿಗೆ ನಡೆದಾಗ ಅವರೂ ಮನೆಯ ಮುಂದಿನ ಹುಲ್ಲಿನಲ್ಲಿ ಬೆಂಬಲದ ಬೋರ್ಡು ನೆಟ್ಟಿದ್ದರು, ಕಪ್ಪು ಜನರ ಹೋರಾಟದ ಬಗ್ಗೆ ಒಂದು ಶೆಲ್ಫ್ ತುಂಬ ಪುಸ್ತಕ ತರಿಸಿದ್ದರು. ಹಾಲ್‌ನಲ್ಲಿ ಬಸವಣ್ಣನ ಚಿತ್ರ, ಅದರ ಕೆಳಗೆ ಆ ಶೆಲ್ಫ್.

ಕಾಕು ಮಲ್ಲವ್ವ ಬಾಯಿತುಂಬ ಮಾತಾಡುತ್ತ ಬಡಿಸಿದರು.

"ತೊಗೊಳ್ರಿ, ಎಣ್ಣಿಗಾಯಿ ಹಾಕ್ಕೊಳ್ರಿ. ನಿಮ್ಮ ಅಪ್ಪಾರು ಏನ್ ಮಾಡ್ತಾರ?"

"ಪೋಸ್ಟ್ ಆಫೀಸ್‌ನಲ್ಲಿದ್ರು ಆಂಟಿ. ರಿಟೈರ್ ಆದ್ರು."

"ಹಂಗೇನು... ಮತ್ತ ನೀವು ಯಾರ ಪೈಕಿ?"

ವೈಶಾಲಿಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ದಲಿತರು, ಆಂಟಿ," ಎಂದ ಇಂದುಧರ. ಯಾರೋ ಟೈಮ್ ಕೇಳಿದ್ದಕ್ಕೆ ಹೇಳಿದ ಹಾಗೆ.

"ಹೌದೇನ್ರೀ! ಛಲೋ ಆತು, ಛಲೋ ಆತು. ಇನ್ನೊಂದು ರೊಟ್ಟಿ ಹಾಕ್ಲಿ?"

ಕಾಕುವಿನ ದನಿ ಮೊದಲಿಗಿಂತ ಸಿಹಿಯಾಯಿತು. ಆದರೆ ಆ ರೊಟ್ಟಿ ಅವನ ತಟ್ಟೆಗೆ ಮೇಲಿನಿಂದ ಬಿತ್ತು.

ಊಟವಾದ ಮೇಲೆ ಕಾಕಾ ಅವನಿಗೆ ಪುಸ್ತಕ ತೋರಿಸುತ್ತಿದ್ದರು. ವೈಶಾಲಿ ಅಡುಗೆಮನೆಯಲ್ಲಿದ್ದಳು. ಕಾಕು ಎಲ್ಲರ ತಟ್ಟೆ ಡಿಶ್‌ವಾಷರ್‌ಗೆ ಹಾಕಿದರು. ಅವನ ತಟ್ಟೆಯನ್ನೂ ಸ್ಟೀಲಿನ ಲೋಟವನ್ನೂ ಪೇಪರ್ ಟವೆಲ್‌ನಲ್ಲಿ ಹಿಡಿದು ಎತ್ತಿ, ಗರಾಜಿಗೆ ಒಯ್ದು, ಪೇಂಟ್ ಡಬ್ಬಿಗಳ ಪಕ್ಕ ಇಟ್ಟು ಬಂದರು. ಸೋಪು ಹಚ್ಚಿ ಕೈ ತೊಳೆದುಕೊಂಡರು.

ವೈಶಾಲಿ ಎಲ್ಲವನ್ನೂ ನೋಡಿದಳು.

ಏನಾದರೂ ಅನ್ನಬೇಕು... ಈಗಲೇ ಅನ್ನಬೇಕು... ಆದರೆ ನಾಲಿಗೆ ಏಳಲಿಲ್ಲ. ಅವಳು ಫ್ರಿಜ್ ಬಾಗಿಲು ತೆರೆದು ಒಳಗೆ ತಲೆ ಹಾಕಿದಳು. ಬೇಕಾದದ್ದು ಏನೂ ಇರಲಿಲ್ಲ. ಉಪ್ಪಿನಕಾಯಿ ಬಾಟಲಿಗಳ ಲೇಬಲ್‌ಗಳನ್ನು ಒಂದೊಂದಾಗಿ ಓದಿದಳು.

ವಾಪಸು ಬರುವಾಗ ಇಂದುಧರ ಬರೀ ಡ್ರೈವ್ ಮಾಡಿದ.

'ಅವನು ನೋಡಿಲ್ಲ. ಪುಸ್ತಕ ನೋಡುತ್ತಿದ್ದ... ನೋಡಿರಲಾರ!' ಎಂದುಕೊಂಡಳು ವೈಶಾಲಿ.

ಮರುದಿನದಿಂದ ಅವನ ಮನೆಯ ಇಂಟರ್ನೆಟ್ ಸರಿಹೋಯಿತು. ಫೈಲುಗಳು ತಾವಾಗಿ ಬರತೊಡಗಿದವು. ಜೊತೆಗೆ ಒಂದು ಮಾತೂ ಇರುತ್ತಿರಲಿಲ್ಲ.

ವೈಶಾಲಿಗೆ ಕೂತಲ್ಲಿ ಕೂರಲಾಗಲಿಲ್ಲ. ಕೆಲಸ ಜಾಸ್ತಿಯೇನೋ... ಬೇರೆ ಯಾರಾದರೂ ಇದ್ದಾರೇನೋ... ಮೆಸೇಜ್ ಟೈಪ್ ಮಾಡುವಳು, ಅಳಿಸುವಳು. ಎಡಿಟಿಂಗ್ ಪರದೆಯ ಮೇಲೆ ಮಿಸೆಸ್ ಗ್ಯಾಡ್ಸನ್ ಆ ಹುಡುಗಿಯ ಮಾತು ಶುರು ಮಾಡಿದ ಕೂಡಲೇ ಎದ್ದು ನೀರು ಕುಡಿಯಲು ಹೋಗುವಳು. ಆಗಸ್ಟ್‌ನಲ್ಲಿ ಒಂದು ದಿನ, ಚಿತ್ರ ಉದ್ದವಾಯಿತೆಂದು ರೆನೀ ಹೇಳಿದಾಗ, ಅವಳು ಆ ಮಾತನ್ನೇ ಕತ್ತರಿಸಿದಳು. ಕಪ್ ಒಡೆದದ್ದು ಉಳಿಯಿತು. ಮೆನು ಓದಿದ ಹುಡುಗಿ ಹೋದಳು.

*

ಸೆಪ್ಟೆಂಬರ್‌ನಲ್ಲಿ ಧ್ವನಿಯ ಕೊನೆಯ ಕೆಲಸಕ್ಕೆ ಇಬ್ಬರೂ ಒಂದೇ ಕೋಣೆಯಲ್ಲಿ ಕೂರಲೇಬೇಕಾಯಿತು. ಇಂದುಧರ ಚಿತ್ರ ನಿಲ್ಲಿಸಿದ.

"ಇಲ್ಲೊಂದು ಮಾತಿತ್ತು."

"ಟೈಮ್ ಜಾಸ್ತಿ ಆಗಿತ್ರಿ..."

"ಅರ್ಧ ನಿಮಿಷದ ಮಾತು. ಆಮೇಲೆ ಬರೋ ಬೀದಿಯ ಶಾಟ್ ಅದಕ್ಕಿಂತ ಉದ್ದ ಇದೆ. ಅದನ್ನ ಯಾಕೆ ಮುಟ್ಟಿಲ್ಲ?"

ಅವಳು ನೋಟ್‌ಬುಕ್ಕಿನ ಹಾಳೆ ತಿರುವಿದಳು.

"ವೈಶಾಲಿ, ಯಾಕೆ ಕಟ್ ಮಾಡಿದ್ರಿ?"

"ನೀವು... ಆವತ್ತು ನೋಡಿದ್ರೇನು?"

"ಗೋಡೆ ಇಲ್ಲದ ಅಡುಗೆಮನೆ ಅದು!" ಅವನು ಕುರ್ಚಿ ತಿರುಗಿಸಿ ಅವಳಿಗೆ ಎದುರಾದ. "ಲೋಟ ನಂಗೆ ಹೊಸದಲ್ಲ. ನಮ್ಮ ತಾತನ ಲೋಟ ಹೋಟೆಲಿನ ಹೊರಗೆ ಇರ್ತಿತ್ತು. ಆಂಟಿ ಕಡೆ ನಾನು ನೋಡಲೇ ಇಲ್ಲ. ನಿಮ್ಮ ಕಡೆ ನೋಡ್ತಿದ್ದೆ. ಏನಾದ್ರೂ ಅಂತಾರೇನೋ ಅಂತ. ನೀವು ಫ್ರಿಜ್ ಒಳಗಿದ್ರಿ."

"ನನಗ ಹೆದರಿಕಿ ಆತು..."

"ನಾನು ಅಂದ್ಕೊಂಡಿದ್ದು ಬೇರೆ. ನಿಮಗೂ ಅದು ಸರಿ ಅನ್ನಿಸ್ತು ಅಂತ."

"ಇಲ್ರಿ! ಖರೇನ ಇಲ್ಲ!"

ಅವಳು ಕಂಪ್ಯೂಟರ್ ಕಡೆ ತಿರುಗಿದಳು. ಆ ಮಾತನ್ನು ಇದ್ದಲ್ಲಿಗೆ ವಾಪಸು ತಂದಳು. ಪರದೆಯ ಮೇಲೆ ಮಿಸೆಸ್ ಗ್ಯಾಡ್ಸನ್ ಮತ್ತೆ ಕೇಳಿದರು, ಅದರಲ್ಲಿ ಏನಿತ್ತು?

"ಸಿನಿಮಾಗೆ ವಾಪಸ್ ಹಾಕೋದು ಸುಲಭ," ಎಂದ ಇಂದುಧರ. ಬ್ಯಾಗ್ ಎತ್ತಿಕೊಂಡು ಹೊರಟುಹೋದ.

ಮರುದಿನ ವೈಶಾಲಿ ಮಿಸೆಸ್ ಗ್ಯಾಡ್ಸನ್‌ಗೆ ಫೋನ್ ಮಾಡಿ, ಆ ಮಾತು ಕತ್ತರಿಸಿದ್ದನ್ನೂ ಕಾರಣವನ್ನೂ ಹೇಳಿದಳು.

"ಮ್ಯಾಮ್, ಆ ಹುಡುಗಿ ಈಗ ನಿಮ್ಮ ಮನೆಗೆ ಬಂದರೆ ಏನು ಹೇಳ್ತೀರಿ?"

"ನನ್ನ ಸೋಫಾ ಮೇಲೆ ಕೂತು ಅಳೋದಾದ್ರೆ ಬರೋದೇ ಬೇಡ. ನನಗೆ ಮೊಣಕಾಲು ನೋವು, ಟಿಶ್ಯೂ ತರೋಕೆ ಏಳೋದಿಲ್ಲ. ಆ ಮ್ಯಾನೇಜರ್ ಹತ್ತಿರ ಹೋಗಿ ಏನಾದರೂ ಅಂದಳಾ? ಅಂದಿದ್ರೆ ಬರಲಿ."

*

ಶನಿವಾರ ಬೆಳಗ್ಗೆ ವೈಶಾಲಿ ಕಾರ್ಲ್ಸ್‌ಬಾಡ್‌ಗೆ ಹೋದಾಗ ಕಾಕು ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದರು.

"ಕಾಕು, ಇಂದುಧರ ಉಂಡ ತಾಟು, ಕುಡಿದ ಲೋಟಾ ಗರಾಜಿನಾಗ ಯಾಕ ಇಟ್ರಿ?"

ಮಲ್ಲವ್ವನ ಕೈ ನಿಂತಿತು. "ಈಗ್ಯಾಕ ಆ ಮಾತು? ನಾ ಏನ್ ಅಂದೇನಿ ಅವಂಗ? ಹೊಟ್ಟಿತುಂಬ ಉಣ್ಣಾಕ ಹಾಕಿಲ್ಲೇನು?"

"ಹಾಕಿದ್ರಿ. ಮ್ಯಾಲಿಂದ ಒಗದ್ರಿ."

"ನಮ್ಮ ಮನ್ಯಾಗ ಹುಟ್ಟಿದಾಗಿಂದ ಹಂಗ ಬಂದೈತಿ. ನಿನಗೇನು, ನಾಕ ಸಿನಿಮಾ ಮಾಡಿ ನನಗ ಕಲಿಸಾಕ ಬಂದೀಯೇನು?"

"ಇಲ್ಲ ಕಾಕು. ಆವತ್ತು ನಾನೂ ನೋಡಿ ಸುಮ್ನಿದ್ದೆ. ಇನ್ಮ್ಯಾಲೆ ಇರಂಗಿಲ್ಲ. ನಾ ಅವರನ್ನ ಪ್ರೀತಿ ಮಾಡ್ತೇನಿ. ಅವರಿಗೆ ಬ್ಯಾರೆ ಲೋಟಾ ಇರೋ ಮನ್ಯಾಗ ನಾ ನೀರೂ ಕುಡಿಯಂಗಿಲ್ಲ."

"ನಿಮ್ಮಪ್ಪಗ ಈಗ ಫೋನ್ ಹಚ್ಚತೇನಿ, ತಡಿ!"

"ಹಚ್ಚರಿ. ಮುಂಜಾನಿ ನಾನೂ ಹಚ್ಚಿದ್ದೆ. ಅವರೂ ಇನ್ನ ಬೈಯಾಕತ್ತಾರ."

ಕಾಕು ಸೊಪ್ಪು ಅಲ್ಲೇ ಬಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಇಷ್ಟು ಹೊತ್ತು ಶೆಲ್ಫ್ ಪಕ್ಕ ನಿಂತಿದ್ದ ಕಾಕಾ ಕಾರಿನ ತನಕ ಬಂದರು.

"ನಾನೂ ನೋಡಿದ್ದೆ, ವೈಶು," ಎಂದರು.

*

ಸ್ಯಾನ್ ಪೀಡ್ರೊದಲ್ಲಿ ಇಂದುಧರನ ಮನೆಗೆ ಬೀಗ. ಪಕ್ಕದ ಬೀದಿಯಲ್ಲಿ, ಬಟ್ಟೆ ತಾವೇ ಒಗೆದುಕೊಳ್ಳುವ ಲಾಂಡ್ರಿಯಲ್ಲಿ ಸಿಕ್ಕ. ಮಷಿನ್‌ಗಳು ಗಡಗಡ ಎನ್ನುತ್ತಿದ್ದವು. ಅವನು ಹಾಸಿಗೆಯ ಚಾದರವೊಂದನ್ನು ಒಬ್ಬನೇ ಮಡಚಲು ಹೆಣಗುತ್ತಿದ್ದ.

ವೈಶಾಲಿ ಎದುರು ನಿಂತು ನಡೆದದ್ದನ್ನೆಲ್ಲ ಹೇಳಿದಳು. ಕ್ಷಮೆ ಕೇಳಲಿಲ್ಲ. ಅಳಲೂ ಇಲ್ಲ.

"ಆಂಟಿ ಏನಂದ್ರು?"

"ಬಾಗಲಾ ಹಾಕ್ಕೊಂಡ್ರು."

"ನಿಮ್ಮ ಅಪ್ಪ?"

"ಮಗಳ ಅಲ್ಲ ಅಂದ್ರು. ಆಮ್ಯಾಲೆ ಎರಡು ಸಲ ಫೋನ್ ಮಾಡ್ಯಾರ. ನಾ ಎತ್ತಿಲ್ಲ."

ಅವನು ಚಾದರ ಕೆಳಗಿಳಿಸಿದ. "ನಾನು ಹೇಳಿದ್ದಕ್ಕೆ ಮಾಡಿದ್ರಾ?"

"ನೀವು ಇವತ್ತು ನನ್ನ ಹೊರಗ ಹಾಕಿದ್ರೂ ನಾ ಅಂದದ್ದು ಅಂದಂಗ. ಅದನ್ನ ಹೇಳಾಕ ಬಂದೆ. ಮತ್ತ ಇನ್ನೊಂದು..."

"ಏನು?"

"ನಿಮ್ಮನ್ನ ಬಿಟ್ಟು ಇರಾಕ ಆಗವಲ್ದು, ಇಂದುಧರ."

ಮಷಿನ್ ಒಂದು ಗುರ್ ಎಂದು ನಿಂತಿತು.

"ನಂಗಿನ್ನೂ ಸಿಟ್ಟಿದೆ."

"ಇರಲಿ."

"ಭಯಾನೂ ಇದೆ. ಇನ್ನೊಂದು ಮನೇಲಿ, ಇನ್ನೊಂದು ದಿನ..."

"ಅಂಥಾ ದಿನ ನಾ ಮಾತಾಡದಿದ್ರ ಅಲ್ಲೇ, ಎಲ್ಲಾರ ಮುಂದ ಕೇಳ್ರಿ. ಸುಮ್ನ ಎದ್ದು ಹೋಗಬ್ಯಾಡ್ರಿ. ಅದು ತಡಕೊಳ್ಳಾಕ ಆಗಂಗಿಲ್ಲ."

ಅವನ ತುಟಿಯಂಚು ಸ್ವಲ್ಪ ಸಡಿಲವಾಯಿತು. ಚಾದರದ ಎರಡು ತುದಿ ಅವಳ ಕಡೆ ಚಾಚಿದ.

"ಆ ಕಡೆ ಹಿಡ್ಕೊಳ್ಳಿ."

ಅವಳು ಹಿಡಿದಳು. ಮಡಿಕೆ ಬೀಳುತ್ತ ಹೋದಂತೆ ಇಬ್ಬರೂ ಹತ್ತಿರವಾದರು. ಕೊನೆಯ ಮಡಿಕೆಗೆ ಅವನ ಬೆರಳು ಅವಳ ಬೆರಳ ಮೇಲೆ ಬಂದವು. ತೆಗೆಯಲಿಲ್ಲ.

"ಊಟ ಆಯ್ತಾ?"

"ಇಲ್ರಿ. ಮುಂಜಾನಿಯಿಂದ ಏನೂ ಇಲ್ಲ."

"ನಡೀರಿ. ಅನ್ನ ಸಾರು ಇದೆ. ರೊಟ್ಟಿ ಗಿಟ್ಟಿ ನಂಗೆ ಬರಲ್ಲ."

"ನನಗೂ ಬರಂಗಿಲ್ರಿ," ಎಂದಳು ವೈಶಾಲಿ. ತಡೆದಿಟ್ಟಿದ್ದ ಕಣ್ಣೀರು ಆಗ ಬಂತು.

2024ರ ಫೆಬ್ರವರಿಯಲ್ಲಿ ಚಿತ್ರ ಸ್ಯಾನ್ ಡಿಯಾಗೋದ ಗ್ರಂಥಾಲಯವೊಂದರಲ್ಲಿ ಮೊದಲು ತೆರೆ ಕಂಡಿತು. ಮೆನು ಓದಿದ ಹುಡುಗಿ ಅದರಲ್ಲಿದ್ದಳು. ಏಪ್ರಿಲ್‌ನಲ್ಲಿ ವೈಶಾಲಿ, ಇಂದುಧರ ಲಾಸ್ ಏಂಜಲೀಸ್‌ನಲ್ಲಿ ರಿಜಿಸ್ಟರ್ ಮದುವೆಯಾದರು. ಸಾಕ್ಷಿ ಸಹಿ ಹಾಕಿದವರು ಮಿಸೆಸ್ ಗ್ಯಾಡ್ಸನ್ ಮತ್ತು ಕಾಕಾ ಶಿವರುದ್ರಪ್ಪ. ಮಲ್ಲವ್ವ ಬರಲಿಲ್ಲ.