ಬಾಳೆಹೊನ್ನೂರು ರಸ್ತೆ ಬಂದ್

"ಇಷ್ಟು ದಿನ ಬಿಟ್ಟು ಇವತ್ತೇ ಯಾಕೆ ಮುಚ್ಚಿದ್ರಿ?"

ಆಟೋದಿಂದ ಇಳಿದ ಮೇಘನ ಕೊಡೆ ಬಿಚ್ಚುವುದನ್ನೂ ಮರೆತು ಕೇಳಿದಳು. ರಸ್ತೆಗೆ ಅಡ್ಡ ಕಟ್ಟಿದ್ದ ಬಿದಿರಿನ ಆಚೆ ಯಶವಂತ ನಿಂತಿದ್ದ. ಅವನು ಲೋಕೋಪಯೋಗಿ ಇಲಾಖೆಯ ಜೂನಿಯರ್ ಎಂಜಿನಿಯರ್. ಕೊಪ್ಪದಿಂದ ಬಾಳೆಹೊನ್ನೂರಿಗೆ ಹೋಗುವ ಈ ರಸ್ತೆ ಅವನ ಹೊಣೆ. ಮೈಮೇಲೆ ರೈನ್‌ಕೋಟು, ಮೊಣಕಾಲವರೆಗೆ ಕೆಸರು.

ಅವಳು ಈ ಹೊತ್ತಿನಲ್ಲಿ ಇಲ್ಲಿಗೆ ಬರಬಾರದಿತ್ತು. ಮಧ್ಯಾಹ್ನ ಅವಳ ನಿಶ್ಚಿತಾರ್ಥ. ಗಂಡಿನ ಕಡೆಯವರು ಬಾಳೆಹೊನ್ನೂರಿನಿಂದ ಇದೇ ರಸ್ತೆಯಲ್ಲಿ ಬರಬೇಕಿತ್ತು.

"ಗುಡ್ಡ ಸರಿಯಿಲ್ಲ ಮೇಘನ."

"ನಿನ್ನೆ ಸಂಜೆ ಇದೇ ರಸ್ತೇಲಿ ಬಸ್ಸು ಬಿಟ್ಟಿದ್ರಿ. ಎಂಜಿನಿಯರು ಬೇಕಂತಲೇ ಅಡ್ಡ ಕಟ್ಟಿದಾನೆ ಅಂತ ಅಪ್ಪಾಜಿ ಕೂಗಾಡ್ತಿದಾರೆ. ಬಸ್ ಸ್ಟ್ಯಾಂಡಲ್ಲೂ ಅದೇ ಮಾತು."

"ನಿಮಗೂ ಹಾಗೇ ಅನ್ನಿಸ್ತಾ?"

ಮಳೆಯ ನೀರು ಅವಳ ಹುಬ್ಬಿನಿಂದ ಇಳಿದು ಕೆನ್ನೆಗೆ ಬಂತು. ಅದನ್ನು ಒರೆಸಬೇಕೆಂದು ಎದ್ದ ತನ್ನ ಕೈಯನ್ನು ಯಶವಂತ ರೈನ್‌ಕೋಟಿನ ಜೇಬಿಗೆ ಹಾಕಿಕೊಂಡ.

ಅದು ಎರಡು ಸಾವಿರದ ಆರರ ಶ್ರಾವಣ. ಹಿಂದಿನ ಮಳೆಗಾಲದಿಂದ ಅವರಿಬ್ಬರ ಪರಿಚಯ. ಕೊಪ್ಪದ ಬಸ್ ಸ್ಟ್ಯಾಂಡಿನ ಖಾಸಗಿ ಬಸ್ ಆಫೀಸಿನಲ್ಲಿ ಅವಳಿಗೆ ಕೆಲಸ. ಎಲ್ಲಿ ಮಣ್ಣು ಕುಸಿದಿದೆ, ಯಾವ ಬಸ್ಸು ಎಲ್ಲಿ ಸುತ್ತಿ ಹೋಗಬೇಕು ಎಂದು ಅವನು ಬೆಳಿಗ್ಗೆ ಫೋನ್ ಮಾಡುತ್ತಿದ್ದ. ಅವಳು ಅದನ್ನು ಹೊರಗಿನ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದಳು. ಬರಬರುತ್ತಾ ರಸ್ತೆಯ ಮಾತು ಬೇಗ ಮುಗಿದು, ಬೇರೆ ಮಾತು ಉದ್ದವಾಯಿತು. ಅವನು ಎದುರಿನ ಹೋಟೆಲಿಗೆ ಟೀ ಕುಡಿಯಲು ಬಂದರೆ ಅವಳು ತಲೆ ಎತ್ತಿ ನೋಡುವಳು. ಅವನು ನೋಡಿದ್ದು ಖಾತ್ರಿಯಾದ ಮೇಲೆಯೇ ತಲೆ ತಗ್ಗಿಸುವಳು.

ಹೇಳಬೇಕಾದ್ದನ್ನು ಮಾತ್ರ ಇಬ್ಬರೂ ಹೇಳಲಿಲ್ಲ. ಅವಳದು ಲಿಂಗಾಯತರ ಮನೆ. ಇವನು ಶೃಂಗೇರಿ ಕಡೆಯ ಒಕ್ಕಲಿಗ. ಬಾಳೆಹೊನ್ನೂರಿನ ಸಂಬಂಧ ಗೊತ್ತಾದ ದಿನ ಅವಳೇ ಫೋನಿನಲ್ಲಿ ತಿಳಿಸಿ, ಸುಮ್ಮನೆ ಕಾದಿದ್ದಳು. "ಒಳ್ಳೇದಾಗ್ಲಿ" ಎಂದಷ್ಟೇ ಹೇಳಿ ಅವನು ಫೋನ್ ಇಟ್ಟಿದ್ದ.

"ಬನ್ನಿ, ನೀವೇ ನೋಡಿ," ಎಂದ ಯಶವಂತ.

ತಿರುವಿನ ಪಕ್ಕದ ದಿಬ್ಬದ ಮೇಲೆ ನಿಲ್ಲಿಸಿ ತೋರಿಸಿದ. ರಸ್ತೆಯ ಮೇಲ್ಗಡೆ ಗುಡ್ಡದ ಉದ್ದಕ್ಕೂ ಬಿರುಕು ಬಾಯಿಬಿಟ್ಟಿತ್ತು. ಮರಗಳು ರಸ್ತೆಯ ಕಡೆಗೆ ವಾಲಿದ್ದವು. ಬುಡದಲ್ಲಿ ಕೆಂಪು ನೀರು ಜಿನುಗುತ್ತಿತ್ತು.

"ಬೆಳಿಗ್ಗೆ ಇದನ್ನ ನೋಡ್ದಾಗ ನಂಗೆ ಮೊದಲು ಖುಷಿಯಾಯ್ತು," ಎಂದ ಅವನು. "ಆಮೇಲೆ ಹೆದರಿಕೆಯಾಯ್ತು. ರಸ್ತೆ ಮುಚ್ತಿರೋದು ಗುಡ್ಡಕ್ಕೋಸ್ಕರಾನಾ, ನಂಗೋಸ್ಕರಾನಾ ಅಂತ ನಂಗೇ ಗೊತ್ತಾಗ್ಲಿಲ್ಲ. ಅದಕ್ಕೇ ಸುಬ್ಬರಾಯ್ ಸಾರನ್ನ ಕರೆಸಿ ನೋಡಿಸ್ದೆ. ಕೂಡಲೇ ಮುಚ್ಚು ಅಂದ್ರು."

ಸುಬ್ಬರಾಯ ಅವನ ಮೇಲಧಿಕಾರಿ. ಮೇಘನ ಕೇಳಿಸಿಕೊಂಡದ್ದು ಆ ಹೆಸರನ್ನಲ್ಲ.

"ಖುಷಿ ಯಾಕಾಯ್ತು?"

ಅವನು ಬಾಯಿ ತೆರೆಯುವಷ್ಟರಲ್ಲಿ ಕಣಿವೆಯ ಕಾಲುದಾರಿಯಿಂದ ಗ್ಯಾಂಗ್‌ಮನ್ ಜಟ್ಟಪ್ಪ ಏದುಸಿರು ಬಿಡುತ್ತ ಬಂದ.

"ಆಚೆ ಕಡೆ ಸುಮೋ ಬಂದು ನಿಂತದೆ ಸಾರ್. ಜಯದೇವಪ್ಪೋರಂತೆ. ಬಿಡಿ ಅಂತ ಒಂದೇ ಗಲಾಟೆ. ಬಿಡದಿದ್ರೆ ವಾಪಸ್ ಹೋಗ್ತಾರಂತೆ, ಸಂಬಂಧವೇ ಬೇಡ ಅಂತಾವ್ರೆ."

ಜಯದೇವಪ್ಪ ಗಂಡಿನ ತಂದೆ. ಮೇಘನ ಯಶವಂತನ ಮುಖ ನೋಡಿದಳು. "ಹೋಗ್ಲಿ ಬಿಡಿ," ಎಂದಳು ಮೆಲ್ಲಗೆ.

ಅಷ್ಟು ಸಾಕಿತ್ತು. ಅವನು ಏನೂ ಮಾಡಬೇಕಿರಲಿಲ್ಲ.

"ಹಾಗೆ ಕಳಿಸಿದ್ರೆ ನಾನೇ ತಪ್ಪಿಸಿದ್ದು ಅಂತ ಆಗುತ್ತೆ," ಎಂದ ಯಶವಂತ. "ಮುಂದೊಂದಿನ ನಿಮಗೂ ಹಾಗೇ ಅನ್ನಿಸ್ಬಹುದು. ಅದನ್ನ ನಾನು ತಡ್ಕೊಳಲ್ಲ. ನೀವು ಮನೆಗೆ ಹೋಗಿ. ಅವರನ್ನ ನರಸಿಂಹರಾಜಪುರದ ಮೇಲೆ ಸುತ್ತಿಸಿ ಕರ್ಕೊಂಡು ಬರ್ತೀನಿ."

ಅವಳ ಕಣ್ಣಲ್ಲಿ ಸಿಟ್ಟು ಮಿಂಚಿತು. "ನೀವೇ ಕರ್ಕೊಂಡು ಬರ್ತೀರಾ?"

"ನಾನೇ."

ಬಿದಿರು ಕಾಯಲು ಜಟ್ಟಪ್ಪನನ್ನು ನಿಲ್ಲಿಸಿ ಅವನು ಕಾಲುದಾರಿ ಇಳಿದ. ಅವಳು ಆಟೋದ ಕಡೆ ತಿರುಗಿದಳು.

ಸುಮೋದ ಮುಂದಿನ ಸೀಟಿನಲ್ಲಿ ಕೂತು ಅವನು ದಾರಿ ತೋರಿಸಿದ. ಜಯದೇವಪ್ಪ ಉದ್ದಕ್ಕೂ ಬೈಯುತ್ತಲೇ ಇದ್ದರು. ನರಸಿಂಹರಾಜಪುರ ದಾಟಿ ಶೆಟ್ಟಿಕೊಪ್ಪ ಇನ್ನೇನು ಬಂತು ಎನ್ನುವಾಗ ಯಶವಂತ ಗಾಡಿ ನಿಲ್ಲಿಸಿದ. ಮುಂದೆ ಹಳ್ಳದ ನೀರು ಮೋರಿಯ ಮೇಲೆ ಹರಿಯುತ್ತಿತ್ತು. ಅಂಚಿನ ಕಲ್ಲುಗಳು ಎಲ್ಲೂ ಕಾಣಲಿಲ್ಲ.

"ಇಳಿಯೋವರೆಗೆ ಕಾಯ್ಬೇಕು."

"ಇಲ್ಲೂ ತಡೆಯೋದಾ?" ಜಯದೇವಪ್ಪ ಬಾಗಿಲು ತೆರೆದು ಇಳಿದೇಬಿಟ್ಟರು. "ನಮ್ಮ ಮುಹೂರ್ತ ಕೆಡಿಸೋಕೆ ಯಾರು ಹೇಳಿಕೊಟ್ಟಿದಾರೆ ನಿಂಗೆ?"

ಯಶವಂತ ಬೇಲಿಯ ಗೂಟವೊಂದನ್ನು ಕಿತ್ತು ನೀರಿಗಿಳಿದ. ಸೆಳೆತ ಕಾಲನ್ನು ಎತ್ತಿ ಎತ್ತಿ ಹಾಕಿತು. ಗೂಟ ಊರಿ ಅಂಚು ಹುಡುಕುತ್ತ ನಡು ಮೋರಿಗೆ ಹೋದಾಗ ಅವನ ಎಡಗಾಲ ಕೆಳಗಿನ ಕಲ್ಲು ಜಾರಿತು. ಸೊಂಟದವರೆಗೆ ಮುಳುಗಿದ. ಹಿಂದಿನಿಂದ ಯಾರೋ ರಟ್ಟೆ ಹಿಡಿದು ಎಳೆದರು. ನೋಡಿದರೆ ಮದುಮಗ ಸಿದ್ದೇಶ. ರೇಷ್ಮೆ ಪಂಚೆ ಮೇಲಕ್ಕೆ ಕಟ್ಟಿ ನೀರಿಗೆ ಬಂದಿದ್ದ.

ದಡಕ್ಕೆ ಬಂದು ಇಬ್ಬರೂ ನಡುಗುತ್ತ ಕೂತರು.

"ನಮ್ಮನ್ನ ಅಲ್ಲಿಂದಲೇ ವಾಪಸ್ ಕಳಿಸ್ಬಹುದಿತ್ತು," ಎಂದ ಸಿದ್ದೇಶ.

"ಹೌದು."

"ಕಳಿಸ್ಬೇಕು ಅನ್ನಿಸಿತ್ತಾ?"

ಯಶವಂತ ನೀರನ್ನೇ ನೋಡಿದ. "ಅನ್ನಿಸಿತ್ತು," ಎಂದ.

ಸಿದ್ದೇಶ ಅವನ ಮುಖ ನೋಡಿ, ಎದ್ದು ಪಂಚೆ ಹಿಂಡಿಕೊಂಡ. ಅಂಚಿನ ಕಲ್ಲುಗಳು ತಲೆ ಎತ್ತಿದ ಮೇಲೆ ಯಶವಂತ ಮುಂದೆ ನಡೆದ, ಸುಮೋ ಹಿಂದೆ ಬಂತು. ಅಷ್ಟರಲ್ಲಿ ಮುಹೂರ್ತ ಮೀರಿತ್ತು.

ಕೊಪ್ಪದಲ್ಲಿ ಮೇಘನಳ ಮನೆ ಮುಂದೆ ಗಾಡಿ ನಿಂತಿತು. ಗೊಬ್ಬರದ ಅಂಗಡಿಯ ರೇಣುಕಪ್ಪ, ಅವಳ ತಂದೆ, ಹೊರಗೆ ಬಂದು ಬೀಗರಿಗೆ ಕೈಮುಗಿದರು. ಯಶವಂತ ಅಲ್ಲಿಂದಲೇ ಹೊರಟ.

"ಗುಡ್ಡ ಇನ್ನೂ ಬಿದ್ದಿಲ್ಲವಂತಲ್ಲ ಎಂಜಿನಿಯರೇ," ಎಂದರು ರೇಣುಕಪ್ಪ.

"ಬೀಳದೇ ಇರ್ಲಿ ಅಪ್ಪಾಜಿ." ಮಾತಾಡಿದ್ದು ಬಾಗಿಲಲ್ಲಿ ನಿಂತಿದ್ದ ಮೇಘನ. ಹಸಿರು ರೇಷ್ಮೆ ಸೀರೆ, ಮುಡಿ ತುಂಬ ಮಲ್ಲಿಗೆ. ಒದ್ದೆಯಾಗಿ ನಿಂತವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಇವರು ಸುಳ್ಳು ಹೇಳಿಲ್ಲ. ನಾನೇ ಹೇಳಿದ್ದು. ಈ ಮದುವೆ ಇಷ್ಟ ಅಂತ ನಿಮ್ಮ ಹತ್ರ ಸುಳ್ಳು ಹೇಳಿದ್ದೆ. ನನ್ನ ಮನಸ್ಸು ಇವರ ಮೇಲಿದೆ."

ಜಯದೇವಪ್ಪ ಮಗನ ಕಡೆ ತಿರುಗಿದರು.

"ನಂಗೆ ಹಳ್ಳದ ಹತ್ರಾನೇ ಗೊತ್ತಾಯ್ತು ಅಪ್ಪಾಜಿ," ಎಂದ ಸಿದ್ದೇಶ. "ಜಗಳ ಬೇಡ. ನಾವು ನೆಂಟರ ಹಾಗೆ ಬಂದಿದೀವಿ, ನೆಂಟರ ಹಾಗೇ ಹೋಗೋಣ."

ರೇಣುಕಪ್ಪ ಮಗಳ ಮುಖ ನೋಡಲಿಲ್ಲ. ಮಳೆಯಲ್ಲೇ ಅಂಗಳಕ್ಕಿಳಿದು ಯಶವಂತನ ಎದುರು ನಿಂತರು.

"ನಿಮಗೂ ಇಷ್ಟವೇನು?"

"ಹೌದು. ಮೊದಲೇ ಬಂದು ಕೇಳ್ಬೇಕಿತ್ತು. ಧೈರ್ಯ ಸಾಲಲಿಲ್ಲ."

"ನಂಗೆ ಒಪ್ಪಿಗೆಯಿಲ್ಲ," ಎಂದರು ರೇಣುಕಪ್ಪ. ಬಾಗಿಲ ಕಡೆ ಕೈ ತೋರಿಸಿ, "ನಮ್ಮನೆಗೆ ಬರೋರನ್ನ ನೀರು ದಾಟಿಸಿದೀರಿ. ಹಸ್ಕೊಂಡು ಹೋಗ್ಬೇಡಿ. ಒಳಗೆ ಬನ್ನಿ."

ಆ ಒಪ್ಪಿಗೆ ಸಿಗಲು ಮುಂದಿನ ಮಳೆಗಾಲ ಕಳೆಯಬೇಕಾಯಿತು. ಅಂದು ಮಾತ್ರ ಯಶವಂತ ಸಿದ್ದೇಶನ ಪಕ್ಕದಲ್ಲಿ ಎಲೆಯ ಮುಂದೆ ಕೂತ. ಮೇಘನ ಬಡಿಸಲು ಬಂದಳು. ಅವನನ್ನೇ ನೋಡುತ್ತ ಅವಳು ಬಡಿಸಿದ ಹೋಳಿಗೆಯ ತುಪ್ಪ ಎಲೆಯಾಚೆ ಚೆಲ್ಲಿತು. ಅವನು ತಲೆ ಎತ್ತಿದ. ಮನೆ ತುಂಬ ಜನ ನೋಡುತ್ತಿದ್ದರೂ ಇಬ್ಬರೂ ಕಣ್ಣು ತಗ್ಗಿಸಲಿಲ್ಲ.