ತಾತನ ಕೋಣೆಯಲ್ಲಿ ಯಾರದೋ ದನಿ

“ಫೈರ್‌ವಾಲ್ ಅಂತ ಇದೆಯಲ್ಲ, ಅದನ್ನ ಆಫ್ ಮಾಡು,” ಎಂದ ಕನ್ನಡಕ, ಫೋನಿನಲ್ಲಿ.

“ಲೋ, ಕೆಂಪು ಅಕ್ಷರದಲ್ಲಿ ಏನೋ ಬರ್ತಿದೆ ಕಣೋ. ‘ನಿಜವಾಗ್ಲೂ ಆಫ್ ಮಾಡಬೇಕಾ’ ಅಂತ ಕೇಳ್ತಿದೆ.”

“ಅದು ಎಲ್ಲರನ್ನೂ ಹಾಗೇ ಹೆದರಿಸತ್ತೆ. ಒತ್ತೇ!”

ಚಿನಕುರುಳಿ ಒತ್ತಿಬಿಟ್ಟಳು. ಪಟಾಕಿಯ ಹಾಗೆ ಪಟಪಟ ಸಿಡಿಯುತ್ತಾಳೆಂದು ಅವಳಿಗೆ ಆ ಹೆಸರಿಟ್ಟವರು ತಾತ. ಕನ್ನಡಕ ಅವಳ ಕ್ಲಾಸಿನವನು, ದಪ್ಪ ಕನ್ನಡಕ ಹಾಕುತ್ತಾನೆಂದು ಅವನಿಗೆ ಆ ಹೆಸರು.

ಕಂಪ್ಯೂಟರ್ ಗೇಮಿನಲ್ಲಿ ಅವಳು ಎರಡು ತಿಂಗಳಿಂದ ಒಂದು ಊರು ಕಟ್ಟುತ್ತಿದ್ದಳು. ಗೆಳೆಯರು ತಮ್ಮ ಮನೆಯಲ್ಲೇ ಕೂತು ಆ ಊರಿಗೆ ಬರಬೇಕಾದರೆ ರೂಟರ್ ದಾರಿ ಬಿಡಬೇಕು. ರೂಟರ್ ಅಂದರೆ ಹಾಲ್‌ನ ಮೂಲೆಯಲ್ಲಿ ಹಸಿರು ದೀಪ ಮಿಟುಕಿಸುವ ಬಿಳಿ ಡಬ್ಬ. ಅದರಲ್ಲಿ ಕಣ್ಣಿಗೆ ಕಾಣದ ಸಾವಿರಾರು ಪುಟ್ಟ ಬಾಗಿಲುಗಳಿವೆ. ಅವಕ್ಕೆ ಪೋರ್ಟ್ ಅನ್ನುತ್ತಾರೆ. ಅವುಗಳನ್ನು ಮುಚ್ಚಿಕೊಂಡು ಕಾವಲು ಕೂರುವುದೇ ಫೈರ್‌ವಾಲ್.

ಅವಳ ಗೇಮಿಗೆ ಒಂದೇ ಬಾಗಿಲು ಸಾಕಿತ್ತು. ಯಾವುದೆಂದು ಕನ್ನಡಕನಿಗೆ ತಿಳಿಯಲಿಲ್ಲ.

“ಎಲ್ಲಾ ಪೋರ್ಟೂ ನಿನ್ನ ಕಂಪ್ಯೂಟರ್‌ಗೆ ಬಿಟ್ಬಿಡು. ತಲೆನೋವೇ ಇಲ್ಲ.”

ಮನೆಯ ಒಂದೊಂದು ಯಂತ್ರಕ್ಕೂ ರೂಟರ್ ಒಂದೊಂದು ನಂಬರ್ ಕೊಟ್ಟಿತ್ತು. ಕಂಪ್ಯೂಟರಿನದು ಮೂರು. ಚಿನಕುರುಳಿ ಮೂರು ಎಂದು ತುಂಬಿ ಸೇವ್ ಮಾಡಿದಳು. ಐದೇ ನಿಮಿಷದಲ್ಲಿ ಕನ್ನಡಕ ಅವಳ ಊರಿನ ಸೇತುವೆಯ ಮೇಲೆ ಕುಣಿಯುತ್ತಿದ್ದ!

“ತಾತಾ, ನನ್ನ ಊರಿಗೆ ಜನ ಬಂದ್ರು!” ಎಂದು ಕಿರುಚುತ್ತ ಅವಳು ತಾತನ ಕೋಣೆಗೆ ನುಗ್ಗಿದಳು.

ತಾತ ಸರಕ್ಕನೆ ಟವೆಲಿನಿಂದ ಬಾಯಿ ಮುಚ್ಚಿಕೊಂಡರು. ಕಟ್ಟಿಸಿಕೊಂಡ ಹಲ್ಲು ಲೋಟದ ನೀರಿನಲ್ಲಿತ್ತು. “ಹೇಳಿ ಬರಬಾರದೇನೇ ಪುಟ್ಟಾ,” ಎಂದರು ಟವೆಲಿನ ಹಿಂದಿನಿಂದ.

ತಾತ ನಲವತ್ತು ವರ್ಷ ಕೋಟು ಹೊಲಿದ ದರ್ಜಿ. ಷರಟಿನ ಒಂದು ಬಟನ್ ಬಿಚ್ಚಿದ್ದರೂ ಯಾರೆದುರೂ ಬಾರದವರು. ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದ ಮೇಲೆ, ಕೆಲಸದಲ್ಲಿದ್ದಾಗಲೂ ಫೋನಿನಲ್ಲಿ ಅವರನ್ನು ನೋಡಲೆಂದು ಅಮ್ಮ ಅವರ ಕೋಣೆಗೆ ಕ್ಯಾಮೆರಾ ಹಾಕಿಸಿದ್ದರು. ಕತ್ತು ತಿರುಗಿಸುವ, ಮಾತಾಡುವ ಕ್ಯಾಮೆರಾ. ತಾತ ಮೊದಲು ಬೇಡವೇ ಬೇಡ ಅಂದಿದ್ದರು.

“ನನ್ನ ಬಿಟ್ಟು ಇನ್ಯಾರೂ ನೋಡಲ್ಲ ಅಪ್ಪ, ನನ್ನಾಣೆ,” ಎಂದು ಅಮ್ಮ ಮಾತು ಕೊಟ್ಟ ಮೇಲೆಯೇ ಹೂಂ ಅಂದದ್ದು. ಅವತ್ತು ಶನಿವಾರ, ಅಮ್ಮನಿಗೆ ರಜೆ. ಹಾಗಾಗಿ ಕ್ಯಾಮೆರಾಕ್ಕೂ ರಜೆ.

ಅಮ್ಮನಿಗೆ ಒಂದು ಅಭ್ಯಾಸ. ಮಲಗುವ ಮುಂಚೆ ಮನೆಯ ಸ್ವಿಚ್ಚುಗಳನ್ನೆಲ್ಲ ಆಫ್ ಮಾಡುತ್ತಿದ್ದರು, ರೂಟರನ್ನೂ ಬಿಡದೆ. ಭಾನುವಾರ ಬೆಳಿಗ್ಗೆ ರೂಟರ್ ಹಾಕಿ, ಕ್ಯಾಮೆರಾ ಹಾಕಿ, ರಕ್ತ ಪರೀಕ್ಷೆಯ ಲ್ಯಾಬಿಗೆ ಕೆಲಸಕ್ಕೆ ಹೊರಟರು. ಚಿನಕುರುಳಿ ಎದ್ದು ಕಂಪ್ಯೂಟರ್ ಹಾಕಿದ್ದು ಆಮೇಲೆ.

“ಯಾಕೇ, ನಿನ್ನ ಊರು ಸಿಗ್ತಾನೇ ಇಲ್ಲ!” ಎಂದ ಕನ್ನಡಕ, ಫೋನಿನಲ್ಲಿ.

“ನಿನ್ನೆ ಸಿಕ್ತಲ್ಲೋ! ನಾನೇನೂ ಮುಟ್ಟಿಲ್ಲ.”

ಆಗಲೇ ತಾತನ ಕೋಣೆಯಲ್ಲಿ ಗಂಡಸಿನ ನಗು ಕೇಳಿಸಿತು.

“ಏ ತಾತಾ! ಹಲ್ಲೆಲ್ಲಿ ಹೋಯ್ತು?”

ಮನೆಯಲ್ಲಿ ಇದ್ದವರು ಇಬ್ಬರೇ.  ಚಿನಕುರುಳಿ ಓಡಿದಳು.

ಕೋಣೆಯಲ್ಲಿ ಯಾರೂ ಇರಲಿಲ್ಲ. ತಾತ ಗೋಡೆಯತ್ತ ಮುಖ ತಿರುಗಿಸಿದರೆ ಕ್ಯಾಮೆರಾ ಕೂಡ ಗೋಡೆಯತ್ತ ಕತ್ತು ತಿರುಗಿಸಿತು. ಅವರ ಕೈ ಟವೆಲಿಗಾಗಿ ಹಾಸಿಗೆಯನ್ನೆಲ್ಲ ತಡಕುತ್ತಿತ್ತು. ಟವೆಲು ನೆಲಕ್ಕೆ ಬಿದ್ದಿತ್ತು.

“ನಾಚಿಕೆನಾ? ಇನ್ನೊಂದ್ಸಲ ಬಾಯಿ ತೆಗಿ ತಾತಾ!”

ಕ್ಯಾಮೆರಾ ಗರ್ರೆಂದು ಬಾಗಿಲಿನ ಕಡೆ ತಿರುಗಿತು. “ಓಹೋ, ಮೊಮ್ಮಗಳು ಬಂದ್ಲು!”

  ಅವಳು ಕಣ್ಣು ಮುಚ್ಚಿ ಮುನ್ನುಗ್ಗಿ ಕ್ಯಾಮೆರಾದ ವೈರನ್ನು ಕಿತ್ತೆಸೆದಳು.

ನಗು ಅರ್ಧಕ್ಕೇ ನಿಂತಿತು.

“ಯಾರದು ಪುಟ್ಟಾ?” ಎಂದರು ತಾತ.

ಅವಳು ಅಮ್ಮನಿಗೆ ಫೋನ್ ಮಾಡಿದಳು. “ಅಮ್ಮಾ, ಕ್ಯಾಮೆರಾದಲ್ಲಿ ಯಾರಾದ್ರೂ ಮಾತಾಡಿದ್ರಾ ನಿಮ್ಮ ಲ್ಯಾಬಿಂದ?”

“ಇಲ್ವಲ್ಲ. ಇವತ್ತು ನಾನಿನ್ನೂ ನೋಡೇ ಇಲ್ಲ. ಯಾಕೆ?”

ಅಮ್ಮ ಅರ್ಧ ದಿನ ರಜೆ ಹಾಕಿ, ಮನೆಗೆ ಇಂಟರ್‌ನೆಟ್ ಹಾಕಿಕೊಟ್ಟಿದ್ದ ಅಣ್ಣನನ್ನು ಕರೆದುಕೊಂಡೇ ಬಂದರು. ಅಣ್ಣ ಲ್ಯಾಪ್‌ಟಾಪ್ ತೆರೆದು ಹುಬ್ಬೇರಿಸಿದ.

“ಏನಕ್ಕಾ ಇದು! ಫೈರ್‌ವಾಲ್ ಆಫು. ಮೂರನೇ ನಂಬರಿಗೆ ಎಲ್ಲಾ ಪೋರ್ಟೂ ಓಪನ್ನು. ಮೂರು ಅಂದ್ರೆ ಕ್ಯಾಮೆರಾ.”

“ಇಲ್ಲ, ಮೂರು ನನ್ನ ಕಂಪ್ಯೂಟರ್!”

ಹೇಳಿದ ಮೇಲೆ ಚಿನಕುರುಳಿ ನಾಲಿಗೆ ಕಚ್ಚಿಕೊಂಡಳು. ಎಲ್ಲರೂ ಅವಳನ್ನೇ ನೋಡಿದರು.

“ನಿನ್ನೆ ಮೂರು,” ಎಂದ ಅಣ್ಣ. “ಈ ಹಳೇ ರೂಟರ್ ಆಫ್ ಮಾಡಿ ಹಾಕಿದ್ರೆ, ಬಂದವರಿಗೆ ಬಂದ ಸಾಲಲ್ಲೇ ನಂಬರ್ ಕೊಡತ್ತೆ. ಒಂದು ಅದರದ್ದೇ, ಎರಡು ಅಕ್ಕನ ಫೋನು. ಇವತ್ತು ನಿನಗಿಂತ ಮುಂಚೆ ಬಂದಿದ್ದು ಕ್ಯಾಮೆರಾ. ಯಾವ ಬಾಗಿಲು ತೆಗೆದಿದೆ ಅಂತ ಹುಡುಕ್ತಾ ಕೂತಿರೋರು ಎಷ್ಟೋ ಜನ ಪುಟ್ಟಿ. ಅಲ್ಲಕ್ಕಾ, ಕ್ಯಾಮೆರಾದ ಪಾಸ್‌ವರ್ಡ್ ಏನಿಟ್ಟಿದ್ರಿ?”

“ಅದರ ಡಬ್ಬದ ಮೇಲೆ ಇದ್ದಿದ್ದೇ… ಬದಲಾಯಿಸ್ಲೇ ಇಲ್ಲ,” ಎಂದರು ಅಮ್ಮ.

ಅಣ್ಣ ಬಾಗಿಲುಗಳನ್ನೆಲ್ಲ ಮುಚ್ಚಿ, ಫೈರ್‌ವಾಲ್ ಹಾಕಿ, ಪಾಸ್‌ವರ್ಡ್ ಬದಲಾಯಿಸಿದ. ಕಂಪ್ಯೂಟರಿಗೆ ಎಂದೂ ಬದಲಾಗದ ನಂಬರ್ ಕೊಟ್ಟು, ಗೇಮಿಗೆ ಬೇಕಾದ ಒಂದೇ ಪೋರ್ಟ್ ತೆರೆದ. “ನಿನ್ನ ಆಟಕ್ಕೆ ಇಷ್ಟೇ ಬೇಕಾಗಿದ್ದು,” ಎಂದ.

ಚಿನಕುರುಳಿ ಬೈಗುಳಕ್ಕೆ ಕಾದಳು. ತಾತ ಮಾತ್ರ ಸೂಜಿದಾರ ಮತ್ತು ಒಂದು ತುಂಡು ಕರಿ ಬಟ್ಟೆ ಕೇಳಿದರು. ಮಲಗಿಕೊಂಡೇ ಕ್ಯಾಮೆರಾಕ್ಕೆ ಒಂದು ಟೋಪಿ ಹೊಲಿದರು, ಬಟನ್ ಸಮೇತ. “ಇದನ್ನ ಬಿಚ್ಚೋದು ನಾನು ಹೇಳಿದಾಗ,” ಎಂದರು. ಅಮ್ಮ ತಲೆಯಾಡಿಸಿದರು.

ಸಂಜೆ ಕನ್ನಡಕನ ಫೋನ್ ಬಂತು. ಅವನು ಮತ್ತೆ ಸೇತುವೆಯ ಮೇಲಿದ್ದನಂತೆ. “ಬಾರೇ ಬೇಗ!”

“ಆಮೇಲೆ,” ಎಂದು ಚಿನಕುರುಳಿ ಫೋನ್ ಇಟ್ಟಳು.

ತಾತನ ಕೋಣೆಯ ಬಾಗಿಲು ಎಂದಿನಂತೆ ತೆರೆದೇ ಇತ್ತು. ಒಳಗಿಟ್ಟ ಕಾಲನ್ನು ಅವಳು ಹಿಂದಕ್ಕೆ ತೆಗೆದುಕೊಂಡಳು. ಮೆಲ್ಲಗೆ ಎರಡು ಸಲ ತಟ್ಟಿದಳು.

“ಯಾರು?”

“ನಾನು ತಾತ. ಬರ್ಲಾ?”

“ಒಂದ್ನಿಮಿಷ ಇರು.”

ಲೋಟದ ನೀರು ಅಲುಗಿದ ಸದ್ದು ಕೇಳಿಸಿತು. ಚಿನಕುರುಳಿ ಬಾಗಿಲಿಗೆ ಬೆನ್ನು ಹಾಕಿ, ಹಾಲ್‌ನ ಗೋಡೆ ನೋಡುತ್ತ ನಿಂತಳು. ಒಂದು ನಿಮಿಷ ಕಳೆಯಿತು. ಎರಡೂ ಆಯಿತು.

“ಹೂಂ, ಈಗ ಬಾ ಪುಟ್ಟಾ.”